ಕನ್ನಡ ಮೆಸೇಜು ಗೀಟು, ಡಬ್ಬಿ, ಪ್ರಶ್ನಾರ್ಥಕವಾಗಿ ಕಾಣುವುದೇಕೆ? ಅದು ವೈರಸ್ ಅಲ್ಲ, ಅಳಿಸುವ ಮೊದಲು ಹೀಗೆ ನೋಡಿ

ಕೊಬ್ಬರಿ ಖರೀದಿ ಶುರುವಾಗುವ ಹೊತ್ತಿಗೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ವಾಟ್ಸಾಪ್ ಗ್ರೂಪುಗಳಿಗೆ ಬಿಡುವೇ ಇರುವುದಿಲ್ಲ. ಇವತ್ತಿನ ರೇಟು, ನೋಂದಣಿಗೆ ಕೊನೆಯ ದಿನ, ಯಾವ ದಾಖಲೆ ತರಬೇಕು, ಯಾವ ಕೇಂದ್ರಕ್ಕೆ ಹೋಗಬೇಕು ಎಂದು ಒಂದರ ಹಿಂದೆ ಒಂದು ಮೆಸೇಜು. ಅವುಗಳ ನಡುವೆ ಕೆಲವೊಮ್ಮೆ ಯಾರಿಗೂ ಓದಲಾಗದ್ದೊಂದು ಬರುತ್ತದೆ. ನೋಡಲು ಇಂಗ್ಲಿಷ್ ಅಕ್ಷರಗಳಂತೆಯೇ ಇರುತ್ತವೆ, ಆದರೆ ತಲೆಯ ಮೇಲೆ ಗೀಟು, ಟೋಪಿ, ಚುಕ್ಕಿ. ನಡುನಡುವೆ ಬ್ರಿಟನ್ನಿನ ಪೌಂಡ್ ಗುರುತು. ಕೆಳಗೆ ಯಾರಾದರೂ ಒಬ್ಬರು "ಇದು ಹ್ಯಾಕರ್‌ಗಳ ಮೆಸೇಜು, ಮುಟ್ಟಿದರೆ ಅಕೌಂಟ್ ಖಾಲಿ" ಎನ್ನುತ್ತಾರೆ. ಇನ್ನೊಬ್ಬರು ಫೋನನ್ನೇ ಫಾರ್ಮ್ಯಾಟ್ ಮಾಡಿಸಿ ಎನ್ನುತ್ತಾರೆ. ಆ ಎಚ್ಚರಿಕೆ ಹತ್ತು ಗ್ರೂಪಿಗೆ ಫಾರ್ವರ್ಡ್ ಆಗುತ್ತದೆ, ಮೂಲ ಮೆಸೇಜನ್ನು ಎಲ್ಲರೂ ಅಳಿಸುತ್ತಾರೆ.

ಆ ಮೆಸೇಜಿನಲ್ಲಿ ಇದ್ದದ್ದು ನೋಂದಣಿಯ ಕೊನೆಯ ದಿನವಾಗಿದ್ದರೆ?

ಮೊದಲು ವಿಷಯ ಹೇಳಿಬಿಡೋಣ. ಅಕ್ಷರಗಳು ವಿಚಿತ್ರವಾಗಿ ಕಂಡ ಮಾತ್ರಕ್ಕೆ ಅದು ವೈರಸ್ ಅಲ್ಲ, ಯಾರೂ ನಿಮ್ಮ ಫೋನಿನೊಳಗೆ ಬಂದಿಲ್ಲ. ಬರೆದವರ ಕಂಪ್ಯೂಟರ್ ಒಂದು ಲೆಕ್ಕದಲ್ಲಿ ಬರೆದಿದೆ, ನಿಮ್ಮ ಫೋನು ಇನ್ನೊಂದು ಲೆಕ್ಕದಲ್ಲಿ ಓದಿದೆ, ಅಷ್ಟೆ. ಇನ್ನೂ ಒಳ್ಳೆಯ ಸುದ್ದಿ ಎಂದರೆ, ಅದು ಯಾವ ಥರ ಕೆಟ್ಟಿದೆ ಎಂದು ನೋಡಿದರೆ ಒಳಗಿನ ಕನ್ನಡ ಉಳಿದಿದೆಯೋ ಹೋಗಿದೆಯೋ ಹೇಳಬಹುದು. ಕಾಯಿ ಒಡೆಯದೆ, ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿಯೇ ಒಳಗೆ ಗಿಟುಕಾಗಿದೆಯೋ ಇಲ್ಲವೋ ಹೇಳುವ ಊರಿನವರಿಗೆ ಇದೇನು ಕಷ್ಟದ ವಿದ್ಯೆಯಲ್ಲ.

ಈ ಭಯ ಪೂರಾ ಗಾಳಿಯಿಂದ ಬಂದದ್ದೂ ಅಲ್ಲ. 2018ರ ಫೆಬ್ರವರಿಯಲ್ಲಿ ತೆಲುಗಿನ ಒಂದೇ ಒಂದು ಅಕ್ಷರ, ನಮ್ಮ "ಜ್ಞಾ"ಕ್ಕೆ ಸಮನಾದದ್ದು, ಐಫೋನುಗಳನ್ನು ಕಂಗೆಡಿಸಿತ್ತು. ಆ ಅಕ್ಷರವಿದ್ದ ಮೆಸೇಜು ಬಂದರೆ ಆ್ಯಪ್ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಆ ಒತ್ತಕ್ಷರವನ್ನು ಹೇಗೆ ಜೋಡಿಸಿ ಚಿತ್ರಿಸಬೇಕು ಎಂಬಲ್ಲಿ ಆಪಲ್‌ನ ತಂತ್ರಾಂಶ ಎಡವಿತ್ತು. ಅದೇ ತಿಂಗಳ 19ರಂದು ಐಒಎಸ್ 11.2.6 ಬಿಡುಗಡೆ ಮಾಡಿ ಸರಿಪಡಿಸಿದರು. ಅಲ್ಲಿಯೂ ಆದದ್ದು ಕಳ್ಳತನವಲ್ಲ, ಓದಲು ಹೋಗಿ ಮುಗ್ಗರಿಸಿದ್ದು. ಫೋನಿನ ತಂತ್ರಾಂಶವನ್ನು ಆಗಾಗ ಅಪ್‌ಡೇಟ್ ಮಾಡಿಕೊಳ್ಳಿ ಎನ್ನುವುದಕ್ಕೆ ಇದೊಂದು ಕಾರಣ. ಫಾರ್ಮ್ಯಾಟ್ ಮಾಡಿಸಲು ಕಾರಣವಲ್ಲ. ಹಣ ಹೋಗುವುದು ಲಿಂಕ್ ಒತ್ತಿದಾಗ, ಗೊತ್ತಿಲ್ಲದ ಆ್ಯಪ್ ಫೈಲನ್ನು ಇನ್‌ಸ್ಟಾಲ್ ಮಾಡಿದಾಗ, ಒಟಿಪಿ ಹೇಳಿದಾಗ. ಅಂಥ ಮೋಸದ ಮೆಸೇಜುಗಳು ಸಾಮಾನ್ಯವಾಗಿ ಬಹಳ ಚೆನ್ನಾಗಿ ಓದಲು ಬರುತ್ತವೆ.

ಫೋನಿನೊಳಗೆ ಅಕ್ಷರವಿಲ್ಲ, ನಂಬರಿದೆ

ಫೋನಿಗಾಗಲಿ ಕಂಪ್ಯೂಟರಿಗಾಗಲಿ "ಕ" ಎಂಬುದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ನಂಬರು ಮಾತ್ರ. ಎಪಿಎಂಸಿ ಅಂಗಳದಲ್ಲಿ ಕೊಬ್ಬರಿ ರಾಶಿಗೆ ಲಾಟ್ ನಂಬರ್ ಕೊಡುವುದನ್ನು ನೆನೆಯಿರಿ. ಟೆಂಡರ್ ಹಾಕುವಾಗ ಓಡಾಡುವುದು ರಾಶಿಯಲ್ಲ, ನಂಬರು. 80ನೇ ಲಾಟ್ ಎಂದರೆ ಯಾರ ಕೊಬ್ಬರಿ ಎಂದು ತಿಳಿಯಲು ಇವತ್ತಿನ ಪುಸ್ತಕವೇ ಬೇಕು. ನಿನ್ನೆಯ ಪುಸ್ತಕ ತೆರೆದರೆ 80ನೇ ಲಾಟಿನ ಎದುರು ಬೇರೆ ಯಾರದೋ ಹೆಸರು ಇರುತ್ತದೆ. ನಂಬರು ತಪ್ಪಿಲ್ಲ, ರಾಶಿಯೂ ಎಲ್ಲಿಗೂ ಹೋಗಿಲ್ಲ, ಪುಸ್ತಕ ತಪ್ಪು.

ಅಕ್ಷರಕ್ಕೂ ನಂಬರಿಗೂ ಇರುವ ಈ ಪುಸ್ತಕಕ್ಕೆ ಎನ್‌ಕೋಡಿಂಗ್ ಎನ್ನುತ್ತಾರೆ. ತಪ್ಪು ಪುಸ್ತಕದಿಂದ ಓದಿ ಅಕ್ಷರ ಕುಲಗೆಟ್ಟರೆ ಅದಕ್ಕೆ ಜಪಾನಿನವರು ಒಂದು ಹೆಸರನ್ನೇ ಇಟ್ಟಿದ್ದಾರೆ: ಮೊಜಿಬಾಕೆ, ಅಂದರೆ ರೂಪ ಬದಲಿಸಿಕೊಂಡ ಅಕ್ಷರ. ಫ್ರೆಂಚರು, ಜರ್ಮನ್ನರು ತಮ್ಮ ಅಕ್ಷರಗಳ ತಲೆಯ ಮೇಲಿನ ಗೀಟು ಚುಕ್ಕಿಗಳಿಗಾಗಿ ದಶಕಗಳ ಕಾಲ ಇದೇ ಗೋಳು ಅನುಭವಿಸಿದ್ದಾರೆ. ನಾವು ಕನ್ನಡದಲ್ಲಿ ಕಾಣುತ್ತಿರುವ ಗೀಟು ಚುಕ್ಕಿಗಳೆಲ್ಲ ಅವರವೇ. ಅವರ ಪುಸ್ತಕದಲ್ಲಿ ನಮ್ಮ ನಂಬರುಗಳನ್ನು ಹುಡುಕಿದಾಗ ಸಿಗುವುದು ಅವರ ಅಕ್ಷರ.

ನುಡಿಯಲ್ಲಿ ಟೈಪ್ ಮಾಡಿದ್ದು ವಾಟ್ಸಾಪಿಗೆ ಬಂದಾಗ

ನಮ್ಮ ಕಡೆ ಹೆಚ್ಚು ಕಾಣುವುದು ಈ ಬಗೆಯದು. ಯುನಿಕೋಡ್ ಬಳಕೆಗೆ ಬರುವ ಮೊದಲು ಕಂಪ್ಯೂಟರಿನಲ್ಲಿ ಕನ್ನಡ ಬರಲಿ ಎಂದು ನಮ್ಮವರು ಒಂದು ಜಾಣ ದಾರಿ ಹುಡುಕಿದ್ದರು. ಇಂಗ್ಲಿಷ್ ಅಕ್ಷರಗಳ ನಂಬರನ್ನೇ ಇಟ್ಟುಕೊಂಡು, ಫಾಂಟಿನಲ್ಲಿ ಮಾತ್ರ ಆ ಜಾಗದಲ್ಲಿ ಕನ್ನಡದ ತುಂಡುಗಳನ್ನು ಬಿಡಿಸುವುದು. ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ಬರಹ, ಡಿಟಿಪಿಯವರ ಶ್ರೀಲಿಪಿ, ಎಲ್ಲವೂ ಈ ದಾರಿಯಲ್ಲಿ ನಡೆದವು. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸದಿಂದ ಟೈಪಿಂಗ್ ಸಲೀಸಾಯಿತು, ಕಚೇರಿಗಳಲ್ಲಿ ಕನ್ನಡ ನಡೆಯಿತು. ಆ ಕಾಲಕ್ಕೆ ಅದು ದೊಡ್ಡ ಉಪಕಾರ.

ಆದರೆ ನುಡಿಯ ಹಳೆಯ ಫಾಂಟಿನಲ್ಲಿ "ಕನ್ನಡ" ಎಂದು ಟೈಪ್ ಮಾಡಿದರೆ ಫೈಲಿನಲ್ಲಿ ಕೂರುವುದು 80, 192, 163, 192, 223, 113, 192 ಎಂಬ ಏಳು ನಂಬರುಗಳು. ಇಂಗ್ಲಿಷಿನ ಪುಸ್ತಕದಲ್ಲಿ 80 ಎಂದರೆ ದೊಡ್ಡ ಪಿ, 192 ಎಂದರೆ ತಲೆಯ ಮೇಲೆ ಗೀಟಿರುವ ದೊಡ್ಡ ಎ, 163 ಎಂದರೆ ಪೌಂಡ್ ಗುರುತು, 223 ಎಂದರೆ ಜರ್ಮನ್ನರ ಒಂದು ಎಸ್. ನುಡಿ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಅದು ಕನ್ನಡವಾಗಿಯೇ ಕಾಣುತ್ತದೆ. ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದ ಕೂಡಲೇ ಫಾಂಟ್ ಅಲ್ಲೇ ಉಳಿಯುತ್ತದೆ, ನಂಬರು ಮಾತ್ರ ಬರುತ್ತದೆ. ನಿಮ್ಮ ಫೋನು ಪ್ರಾಮಾಣಿಕವಾಗಿ ಪಿ, ಗೀಟಿನ ಎ, ಪೌಂಡು ಎಂದು ತೋರಿಸುತ್ತದೆ. ಫೋನಿನದೇನೂ ತಪ್ಪಿಲ್ಲ.

ಗುರುತು ಹಿಡಿಯುವುದು ಸುಲಭ. ಸಾಲಿನ ತುಂಬ ತಲೆಯ ಮೇಲೆ ಗೀಟಿರುವ ದೊಡ್ಡ ಎ ಮತ್ತೆ ಮತ್ತೆ ಬರುತ್ತಿದ್ದರೆ ಅದು ನುಡಿ. ಆ ಎ ಬೇರೇನೂ ಅಲ್ಲ, ನಮ್ಮ ತಲಕಟ್ಟು. ಕನ್ನಡದಲ್ಲಿ ತಲಕಟ್ಟು ಎಷ್ಟು ಸಲ ಬರುತ್ತದೋ ಅಷ್ಟು ಸಲ ಅದು ಬರಲೇಬೇಕು.

ಇಂಥದ್ದು ಬಂದರೆ ಅಳಿಸಬೇಡಿ. ಒಳಗಿನ ಕನ್ನಡಕ್ಕೆ ಏನೂ ಆಗಿಲ್ಲ. ಮೆಸೇಜನ್ನು ಕಾಪಿ ಮಾಡಿ, ನುಡಿಯಿಂದ ಯುನಿಕೋಡಿಗೆ ಬದಲಿಸುವ ಪರಿವರ್ತಕಕ್ಕೆ ಹಾಕಿದರೆ ಕ್ಷಣದಲ್ಲಿ ಕನ್ನಡ ಬರುತ್ತದೆ. ನುಡಿ ಮತ್ತು ಬರಹ ತಂತ್ರಾಂಶಗಳ ಜೊತೆಗೇ ಪರಿವರ್ತಕ ಬರುತ್ತದೆ, ಅಂತರ್ಜಾಲದಲ್ಲೂ ಉಚಿತವಾಗಿ ಸಿಗುತ್ತವೆ. ಶ್ರೀಲಿಪಿಯ ನಂಬರಿನ ಲೆಕ್ಕ ಬೇರೆ, ಅದಕ್ಕೆ ಅದರದೇ ಪರಿವರ್ತಕ ಬೇಕು. ಬ್ಯಾಂಕ್ ಖಾತೆ, ಆಧಾರ್ ನಂಬರ್ ಇರುವ ಪಟ್ಟಿಯನ್ನು ಮಾತ್ರ ಕಂಡ ಕಂಡ ವೆಬ್‌ಸೈಟಿಗೆ ಹಾಕಬೇಡಿ, ಕಂಪ್ಯೂಟರಿನಲ್ಲಿರುವ ಪರಿವರ್ತಕವನ್ನೇ ಬಳಸಿ.

ಪರಿವರ್ತಿಸಿದ ಮೇಲೆ ಒಮ್ಮೆ ಓದಿ ನೋಡಬೇಕು, ಅದರಲ್ಲೂ ಅರ್ಕಾವತ್ತು ಇರುವ ಕಡೆ. "ವರ್ತಕ" ಎನ್ನುವಾಗ ನಾವು ಬಾಯಲ್ಲಿ ರ್ ಮೊದಲು ಹೇಳಿ ಆಮೇಲೆ ತ ಹೇಳುತ್ತೇವೆ. ಬರೆಯುವಾಗ ತ ಬರೆದು ಪಕ್ಕದಲ್ಲಿ ಅರ್ಕಾವತ್ತು ಇಡುತ್ತೇವೆ. ನುಡಿಯ ಹಳೆಯ ಫಾಂಟು ಕೈ ಬರೆದ ಕ್ರಮವನ್ನು ಹಿಡಿಯುತ್ತದೆ, ಯುನಿಕೋಡು ಬಾಯಿ ಹೇಳಿದ ಕ್ರಮವನ್ನು. ಪರಿವರ್ತಕವೊಂದು ಎಡವಿದರೆ ಮೊದಲು ಎಡವುವುದು ಇಂಥ ಜಾಗದಲ್ಲಿ.

ಗೀಟಿನ ಸಣ್ಣ ಎ, ಪಕ್ಕದಲ್ಲಿ ಪುಟ್ಟ 2

ಎರಡನೆಯ ಬಗೆ ಇದಕ್ಕೆ ತಿರುಗಾಮುರುಗಾ. ಇಲ್ಲಿ ಬರೆದವರು ಸರಿಯಾದ ಯುನಿಕೋಡಿನಲ್ಲೇ ಬರೆದಿದ್ದಾರೆ, ಓದಿದ ತಂತ್ರಾಂಶ ಹಳೆಯ ಯುರೋಪಿನ ಪುಸ್ತಕ ತೆರೆದಿದೆ.

ಯುನಿಕೋಡ್ ಎಂದರೆ ಲೋಕದ ಎಲ್ಲ ಲಿಪಿಗಳಿಗೂ ಒಂದೇ ಪುಸ್ತಕ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಒಂದು ಬೀದಿ ಸಿಕ್ಕಿತು. ಅಲ್ಲಿ "ಕ" ಅಕ್ಷರದ ನಂಬರು 3221. ಇಷ್ಟು ದೊಡ್ಡ ನಂಬರು ಒಂದು ಬೈಟಿನಲ್ಲಿ ಹಿಡಿಸುವುದಿಲ್ಲ, ಬೈಟಿಗೆ 255ರ ತನಕ ಮಾತ್ರ ಜಾಗ. ಆದ್ದರಿಂದ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಅದನ್ನು ಮೂರು ತುಂಡು ಮಾಡಿ ಕಳಿಸುತ್ತಾರೆ: 224, 178, 149. ಓದುವವರಿಗೆ ಈ ಮೂರೂ ಸೇರಿ ಒಂದೇ ಅಕ್ಷರ ಎಂದು ಗೊತ್ತಿದ್ದರೆ "ಕ" ಬರುತ್ತದೆ. ಗೊತ್ತಿಲ್ಲದೆ ಬಿಡಿಬಿಡಿಯಾಗಿ ಓದಿದರೆ ಗೀಟಿನ ಸಣ್ಣ ಎ, ಮೇಲೆ ಬರೆದ ಪುಟ್ಟ 2, ಒಂದು ದಪ್ಪ ಚುಕ್ಕೆ.

ಕನ್ನಡದ ಪ್ರತಿ ಅಕ್ಷರವೂ 224, 178 ಎಂದೋ 224, 179 ಎಂದೋ ಶುರುವಾಗುತ್ತದೆ. ಅದಕ್ಕೇ ಕೆಟ್ಟ ಕನ್ನಡದ ತುಂಬ ಗೀಟಿನ ಎ ಮುಂದೆ ಪುಟ್ಟ 2 ಅಥವಾ ಪುಟ್ಟ 3 ಕಾಣುತ್ತದೆ. ಆ ಎ ಮುಂದೆ ಉಷ್ಣತೆ ಬರೆಯುವ ಡಿಗ್ರಿ ಗುರುತೋ ಕೂಡಿಸು-ಕಳೆ ಗುರುತೋ ಇದ್ದರೆ ಅದು ಕೆಟ್ಟ ತೆಲುಗು. ವೃತ್ತದೊಳಗಿನ ಆರ್ ಇದ್ದರೆ ತಮಿಳು. ಜಪಾನಿನ ಯೆನ್ ಗುರುತು ಹೆಚ್ಚಿದ್ದರೆ ಹಿಂದಿ. ಓದಲಾಗದ ಕಾಗದವನ್ನು ನೋಡಿ ಅದು ಯಾವ ಭಾಷೆಯದೆಂದು ಹೇಳಿ ಮನೆಯವರನ್ನು ಬೆರಗುಗೊಳಿಸಲು ಇಷ್ಟು ಸಾಕು.

ಇದೂ ಸಾಮಾನ್ಯವಾಗಿ ವಾಪಸ್ ಬರುವಂಥದ್ದೇ. ವೆಬ್ ಪುಟವಾದರೆ, ಆ ಆಯ್ಕೆ ಇರುವ ಬ್ರೌಸರಿನಲ್ಲಿ ಎನ್‌ಕೋಡಿಂಗ್ ಯುಟಿಎಫ್-8 ಎಂದು ಬದಲಿಸಿದರೆ ಸರಿಹೋಗುತ್ತದೆ. ಆದರೆ ಹಾಗೇ ಬಿಟ್ಟು ಮತ್ತೆ ಸೇವ್ ಮಾಡಿದರೆ ಕಸ ಬೆಳೆಯುತ್ತದೆ. ಮೂರು ಚಿಹ್ನೆಯಾಗಿದ್ದ "ಕ" ಇನ್ನೊಂದು ಸುತ್ತಿನಲ್ಲಿ ಏಳು ಚಿಹ್ನೆಯಾಗುತ್ತದೆ.

ಡಬ್ಬಿಗೂ ಪ್ರಶ್ನಾರ್ಥಕಕ್ಕೂ ಅಜಗಜಾಂತರ

ಅಕ್ಷರದ ಬದಲು ಖಾಲಿ ಚೌಕ, ಅಂದರೆ ಡಬ್ಬಿ ಡಬ್ಬಿ ಕಂಡರೆ ಚಿಂತೆಯೇ ಬೇಡ. ನಂಬರೂ ಸರಿ, ಪುಸ್ತಕವೂ ಸರಿ, ಬಿಡಿಸಿ ತೋರಿಸಲು ನಿಮ್ಮ ಫೋನಿನಲ್ಲಿ ಆ ಅಕ್ಷರದ ಫಾಂಟ್ ಇಲ್ಲ ಅಷ್ಟೆ. ಹಳೆಯ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಹೀಗೇ ಕಾಣುತ್ತಿತ್ತು. ಈಗ ಹೆಚ್ಚಾಗಿ ಹೊಸ ಎಮೋಜಿಗಳು ಹಳೆಯ ಫೋನಿಗೆ ಬಂದಾಗ ಹೀಗಾಗುತ್ತದೆ. ಅದೇ ಮೆಸೇಜನ್ನು ಮಗಳ ಹೊಸ ಫೋನಿಗೆ ಫಾರ್ವರ್ಡ್ ಮಾಡಿದರೆ ಚೆನ್ನಾಗಿಯೇ ಕಾಣುತ್ತದೆ.

ಸಾಲಾಗಿ ಪ್ರಶ್ನಾರ್ಥಕ ಚಿಹ್ನೆ ಮಾತ್ರ ಇದ್ದರೆ ಕಥೆ ಬೇರೆ. ನಡುವೆ ಎಲ್ಲೋ ಒಂದು ತಂತ್ರಾಂಶ, ಕನ್ನಡವೇ ಇಲ್ಲದ ಪುಸ್ತಕಕ್ಕೆ ಈ ಬರಹವನ್ನು ಇಳಿಸಲು ಹೋಗಿದೆ. ಜಾಗ ಸಿಗದ ಪ್ರತಿ ಅಕ್ಷರವನ್ನೂ ಬಿಸಾಡಿ ಅಲ್ಲೊಂದು ಪ್ರಶ್ನಾರ್ಥಕ ಇಟ್ಟಿದೆ. ಈಗ ಫೈಲಿನಲ್ಲಿರುವುದು ನಿಜವಾಗಿಯೂ ಪ್ರಶ್ನಾರ್ಥಕವೇ. "ರಂಗಯ್ಯ"ನೂ ಅದೇ, "ಲಿಂಗಯ್ಯ"ನೂ ಅದೇ. ಯಾವ ಪರಿವರ್ತಕಕ್ಕೆ ಹಾಕಿದರೂ, ಯಾವ ಎಂಜಿನಿಯರನ್ನು ಕರೆಸಿದರೂ ಅದು ವಾಪಸ್ ಬರುವುದಿಲ್ಲ. ಕಳಿಸಿದವರ ಹತ್ತಿರ ಮೂಲ ಫೈಲು ಇದೆಯೇ ಎಂದು ಕೂಡಲೇ ಕೇಳಬೇಕು, ಅವರೂ ಅಳಿಸಿಬಿಡುವ ಮೊದಲು.

ಅಂಕಿ ಮಾತ್ರ ಉಳಿದರೆ ಎಚ್ಚರ

ಈ ಎಲ್ಲ ರಗಳೆಯಲ್ಲೂ ಒಂದು ವಸ್ತು ಕೆಡುವುದಿಲ್ಲ: ಅಂಕಿ. 0ಯಿಂದ 9ರ ತನಕ ಇಂಗ್ಲಿಷ್ ಅಂಕಿಗಳಿಗೆ ಹಳೆಯ ನುಡಿಯಲ್ಲೂ ಯುರೋಪಿನ ಪುಸ್ತಕದಲ್ಲೂ ಯುಟಿಎಫ್-8ರಲ್ಲೂ ಒಂದೇ ನಂಬರು. ಹಾಗಾಗಿ ಮೆಸೇಜು ಪೂರ್ತಿ ಕಸವಾದರೂ ನಡುವೆ ರೇಟು, ದಿನಾಂಕ, ಫೋನ್ ನಂಬರು ಸ್ಪಷ್ಟವಾಗಿ ಓದಲು ಸಿಗುತ್ತವೆ.

ನನಗೆ ವೈರಸ್ಸಿನ ಭಯಕ್ಕಿಂತ ಇದೇ ಹೆಚ್ಚು ಅಪಾಯ ಅನ್ನಿಸುತ್ತದೆ. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ. ಕೆಟ್ಟುಹೋದ ಒಂದು ಮೆಸೇಜಿನಲ್ಲಿ 12,000 ಎಂಬುದೂ ಒಂದು ತಾರೀಖೂ ಮಾತ್ರ ಓದಲು ಬಂತು ಎಂದುಕೊಳ್ಳಿ. ಓದಿದವರು ಆ ತಾರೀಖಿನಿಂದ ಖರೀದಿ ಶುರು ಎಂದು ಊಹಿಸುತ್ತಾರೆ. ಇಡೀ ವರ್ಷ ಅಟ್ಟದ ಮೇಲೆ ಒಣಗಿದ ಕೊಬ್ಬರಿಯನ್ನು ಸುಲಿಸಿ, ಚೀಲಕ್ಕೆ ತುಂಬಿ, ಬಾಡಿಗೆ ಗಾಡಿಗೆ ಏರಿಸುತ್ತಾರೆ. ಮೂಲದಲ್ಲಿ ಇದ್ದದ್ದು "ಖರೀದಿ ಮುಂದೂಡಲಾಗಿದೆ" ಎಂದಾಗಿದ್ದರೆ? "ಶುರು" ಎಂಬುದೂ ಕನ್ನಡ ಪದ, "ಮುಂದೂಡಲಾಗಿದೆ" ಎಂಬುದೂ ಕನ್ನಡ ಪದ. ಎರಡೂ ಕಸವಾಗಿವೆ, ಅಂಕಿ ಮಾತ್ರ ಹೊಳೆಯುತ್ತಿದೆ.

ಆದ್ದರಿಂದ ಓದಲಾಗದ ಮೆಸೇಜಿನಿಂದ ಅಂಕಿಯನ್ನಷ್ಟೇ ಹೆಕ್ಕಿ ಹೊಸ ಮೆಸೇಜು ಮಾಡಿ ಕಳಿಸಬೇಡಿ. ಪರಿವರ್ತಿಸಿ ಓದಿ, ಇಲ್ಲವೇ ಕಳಿಸಿದವರಿಗೆ ಸ್ಕ್ರೀನ್‌ಶಾಟ್ ಕಳಿಸಲು ಹೇಳಿ. ಅವರ ಕಂಪ್ಯೂಟರಿನಲ್ಲಿ ಕನ್ನಡ ಸರಿಯಾಗಿ ಕಾಣುತ್ತಿರುತ್ತದೆ, ಅದರ ಚಿತ್ರ ತೆಗೆದರೆ ಯಾವ ಫಾಂಟಿನ ಗೊಡವೆಯೂ ಇಲ್ಲ.

ಸಂಘದ ಪಟ್ಟಿ ಎಕ್ಸೆಲ್‌ನಲ್ಲಿ ತೆರೆದಾಗ

ಹಾಲಿನ ಡೈರಿ, ಸಹಕಾರ ಸಂಘ, ಕೊಬ್ಬರಿ ತೂಕದ ಪಟ್ಟಿ, ಎಲ್ಲ ಕಡೆಯೂ ಈಗ ಎಕ್ಸೆಲ್ ಇದೆ. ಆನ್‌ಲೈನಿನಿಂದ ಇಳಿಸಿದ ಪಟ್ಟಿ ಸಾಮಾನ್ಯವಾಗಿ ಸಿಎಸ್‌ವಿ ಎಂಬ ಸರಳ ಫೈಲಾಗಿರುತ್ತದೆ. ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಎಕ್ಸೆಲ್ ಎಷ್ಟೋ ಸಲ ಅದನ್ನು ಯುರೋಪಿನ ಪುಸ್ತಕದಿಂದಲೇ ಓದುತ್ತದೆ, ಸದಸ್ಯರ ಹೆಸರೆಲ್ಲ ಪುಟ್ಟ 2, ಪುಟ್ಟ 3 ಆಗುತ್ತವೆ. ಆಗ ಸೇವ್ ಒತ್ತದೆ ಮುಚ್ಚಿ. ಖಾಲಿ ಎಕ್ಸೆಲ್ ತೆರೆದು, ಡೇಟಾ ಎಂಬಲ್ಲಿ ಫ್ರಮ್ ಟೆಕ್ಸ್ಟ್/ಸಿಎಸ್‌ವಿ ಆರಿಸಿ, ಫೈಲ್ ಒರಿಜಿನ್ ಎಂದು ಕೇಳುವಲ್ಲಿ 65001 ಯುನಿಕೋಡ್ ಯುಟಿಎಫ್-8 ಎಂದು ಕೊಟ್ಟರೆ ಹೆಸರುಗಳು ಕನ್ನಡದಲ್ಲೇ ಬರುತ್ತವೆ.

ಇನ್ನೂ ಕೆಟ್ಟದ್ದು ವಾಪಸ್ ಹೋಗುವ ದಾರಿಯಲ್ಲಿದೆ. ಕನ್ನಡ ಚೆನ್ನಾಗಿ ಕಾಣುತ್ತಿರುವ ಎಕ್ಸೆಲ್ ಪಟ್ಟಿಯನ್ನು ಬರೀ ಸಿಎಸ್‌ವಿ ಎಂದು ಸೇವ್ ಮಾಡಿದರೆ ಪ್ರತಿ ಕನ್ನಡ ಅಕ್ಷರವೂ ಪ್ರಶ್ನಾರ್ಥಕವಾಗಿಬಿಡುತ್ತದೆ. ಅದೇ ಕಂಪ್ಯೂಟರಿನಲ್ಲಿ ಆ ಕ್ಷಣಕ್ಕೆ ಪರದೆಯ ಮೇಲೆ ಎಲ್ಲವೂ ಸರಿಯಾಗಿಯೇ ಇರುತ್ತದೆ, ಮುಚ್ಚಿ ತೆರೆದಾಗಲೇ ಗೊತ್ತಾಗುವುದು. ಖಾತೆ ನಂಬರು ಉಳಿದಿರುತ್ತದೆ, ಅದು ಯಾರದ್ದೆಂಬುದು ಹೋಗಿರುತ್ತದೆ. ಹೊಸ ಎಕ್ಸೆಲ್‌ಗಳಲ್ಲಿ ಸಿಎಸ್‌ವಿ ಯುಟಿಎಫ್-8 ಎಂದು ಬೇರೆಯೇ ಆಯ್ಕೆ ಇದೆ, ಅದನ್ನೇ ಒತ್ತಬೇಕು. ಮೂಲ ಎಕ್ಸೆಲ್ ಫೈಲನ್ನು ಪಕ್ಕದಲ್ಲಿ ಉಳಿಸಿಕೊಂಡಿರಬೇಕು.

(ಅಂಕಿ ಕೆಡುವುದಿಲ್ಲ ಎಂದೆನಲ್ಲ, ಎಕ್ಸೆಲ್‌ನಲ್ಲಿ ಅದಕ್ಕೂ ಒಂದು ಕಂಟಕವಿದೆ. ಸೊನ್ನೆಯಿಂದ ಶುರುವಾಗುವ ಖಾತೆ ನಂಬರಿನ ಮೊದಲ ಸೊನ್ನೆಗಳನ್ನು ಅದು ನುಂಗುತ್ತದೆ, 15 ಅಂಕಿ ದಾಟಿದರೆ ಮುಂದಿನವನ್ನು ಸೊನ್ನೆ ಮಾಡುತ್ತದೆ. ಆ ಕಾಲಮ್ಮನ್ನು ಮೊದಲೇ ಟೆಕ್ಸ್ಟ್ ಎಂದು ಹೇಳಬೇಕು. ಇದು ಎನ್‌ಕೋಡಿಂಗ್ ದೋಷವಲ್ಲ, ಎಕ್ಸೆಲ್‌ನ ಅತಿ ಬುದ್ಧಿವಂತಿಕೆ.)

ಕೋಡ್ ಬರೆಯುವ ಮಕ್ಕಳಿಗೆ ಎರಡು ಮಾತು

ಎಂಜಿನಿಯರಿಂಗ್ ಓದುವ ಮಗನೋ ಮಗಳೋ ಮನೆಯಲ್ಲಿದ್ದರೆ ಈ ಭಾಗವನ್ನು ಅವರಿಗೆ ಕಳಿಸಿ. ವಿಂಡೋಸ್‌ನಲ್ಲಿ ಪೈಥಾನ್ ಬಳಸಿ ಕನ್ನಡ ಫೈಲು ತೆರೆದಾಗ ಯುನಿಕೋಡ್ ಡಿಕೋಡ್ ಎರರ್ ಬರುವುದು ಎಲ್ಲರಿಗೂ ಪರಿಚಿತ. ಫೈಲು ತೆರೆಯುವ ಸಾಲಿನಲ್ಲೇ ಎನ್‌ಕೋಡಿಂಗ್ ಯುಟಿಎಫ್-8 ಎಂದು ಬರೆಯದಿದ್ದರೆ, ಪೈಥಾನ್ ಆ ಕಂಪ್ಯೂಟರಿನ ಹಳೆಯ ವಿಂಡೋಸ್-1252 ಪುಸ್ತಕವನ್ನು ಎತ್ತಿಕೊಳ್ಳುವ ಸಂಭವ ಹೆಚ್ಚು. ಎರರ್ ನಿಲ್ಲಲಿ ಎಂದು ಇಗ್ನೋರ್ ಎಂದು ಸೇರಿಸಬೇಡಿ. ಎರರ್ ನಿಲ್ಲುತ್ತದೆ, ಅಕ್ಷರಗಳೂ ಸದ್ದಿಲ್ಲದೆ ಹೋಗುತ್ತವೆ.

ಈಗಾಗಲೇ ಕೆಟ್ಟ ಬರಹವನ್ನು ವಾಪಸ್ ತರಲು ಅಂತರ್ಜಾಲದಲ್ಲಿ ಸಿಗುವ ಉಪಾಯವೆಂದರೆ ಅದನ್ನು ವಿಂಡೋಸ್-1252ಕ್ಕೆ ಎನ್‌ಕೋಡ್ ಮಾಡಿ, ಮತ್ತೆ ಯುಟಿಎಫ್-8ರಿಂದ ಡಿಕೋಡ್ ಮಾಡುವುದು. ಫ್ರೆಂಚಿಗೆ ಅದು ಚೆನ್ನಾಗಿ ನಡೆಯುತ್ತದೆ. ಕನ್ನಡಕ್ಕೆ ನಡೆಯುವುದಿಲ್ಲ, ಏಕೆಂದರೆ ನಮ್ಮ ಹಲಂತದ, ಅಂದರೆ ಒತ್ತಕ್ಷರ ಮಾಡಿಸುವ ಆ ಪುಟ್ಟ ಗುರುತಿನ ಮೂರು ತುಂಡುಗಳು 224, 179, 141. ವಿಂಡೋಸ್-1252ರಲ್ಲಿ 141ನೇ ಮನೆ ಖಾಲಿ. ಒಂದು ಒತ್ತಕ್ಷರವೂ ಇಲ್ಲದ ಕನ್ನಡದ ಪುಟವನ್ನು ಯಾರಾದರೂ ನೋಡಿದ್ದೀರಾ? ಜೊತೆಗೆ "ಠ" ಅಕ್ಷರದ ಕೊನೆಯ ತುಂಡು 160, ಅದು ಖಾಲಿ ಜಾಗದ ಒಂದು ಬಗೆ. ಕಾಪಿ ಮಾಡುವಾಗ ಸಾಮಾನ್ಯ ಸ್ಪೇಸ್ ಆಗಿ ಬದಲಾಗಿಬಿಡುತ್ತದೆ. "ಭ" ಅಕ್ಷರದ ಕೊನೆಯ ತುಂಡು 173, ಕಣ್ಣಿಗೆ ಕಾಣದ ಅಡ್ಡಗೆರೆ, ಎಷ್ಟೋ ಕಡೆ ಮಾಯವೇ ಆಗುತ್ತದೆ. ಠೇವಣಿಯ ಠ, ಭೂಮಿಯ ಭ, ಹೋದರೆ ಆಗುವ ನಷ್ಟ ಸಣ್ಣದಲ್ಲ. ಇಂಥ ಖಾಲಿ ಮನೆಗಳನ್ನು ಹಾಗೇ ದಾಟಿಸುವ ಎಫ್‌ಟಿಎಫ್‌ವೈ ಎಂಬ ಪೈಥಾನ್ ಲೈಬ್ರರಿ ಇದೆ. ಅದಕ್ಕೂ ಕಾಪಿ ಮಾಡಿದ ಬರಹಕ್ಕಿಂತ ಮೂಲ ಫೈಲನ್ನೇ ಕೊಡುವುದು ಮೇಲು.

ಅರ್ಜಿ ನಮೂನೆ ತಯಾರಿಸುವವರು "ಹೆಸರಿಗೆ 20 ಸಾಕು" ಎಂದು ಬೈಟಿನ ಲೆಕ್ಕದಲ್ಲಿ ಜಾಗ ಬಿಟ್ಟರೆ ಏನಾಗುತ್ತದೆ ನೋಡಿ. ಚಿಕ್ಕನಾಯಕನಹಳ್ಳಿ ನಮ್ಮ ಕಣ್ಣಿಗೆ ಎಂಟು ಅಕ್ಷರ. ಯುನಿಕೋಡಿಗೆ ಅದು ಗುಣಿತ, ಹಲಂತ ಎಲ್ಲ ಬಿಡಿಸಿ 15. ಯುಟಿಎಫ್-8ರಲ್ಲಿ 45 ಬೈಟು. 20ಕ್ಕೆ ಕತ್ತರಿಸಿದರೆ ಉಳಿಯುವುದು "ಚಿಕ್ಕನ" ಮತ್ತು ದೀರ್ಘದ ಮುರುಕು ಎರಡು ತುಂಡು. ಕಪ್ಪು ವಜ್ರದೊಳಗೆ ಪ್ರಶ್ನಾರ್ಥಕ ಇರುವ ಚಿಹ್ನೆಯನ್ನು ನೀವು ನೋಡಿರುತ್ತೀರಿ, ಅದು ಬರುವುದು ಇಂಥ ಮುರುಕು ತುಂಡಿಗೆ.

ಕಾಣುವುದು ಒಂದೇ, ಆದರೆ ಹುಡುಕಿದರೆ ಸಿಗದು

ಕೆಲವು ಸಲ ಏನೂ ಕೆಟ್ಟಂತೆ ಕಾಣುವುದಿಲ್ಲ, ಆದರೂ ಕೆಟ್ಟಿರುತ್ತದೆ. ಪಟ್ಟಿಯಲ್ಲಿ ಹೆಸರು ಕಣ್ಣೆದುರೇ ಇದೆ, ಹುಡುಕಿದರೆ ಇಲ್ಲ ಎನ್ನುತ್ತದೆ.

"ತೆಂಗು" ಎಂದೂ "ತೆ೦ಗು" ಎಂದೂ ಬರೆದಿದ್ದೇನೆ, ವ್ಯತ್ಯಾಸ ಹೇಳಿ ನೋಡೋಣ. ಮೊದಲನೆಯದರಲ್ಲಿ ಇರುವುದು ಅನುಸ್ವಾರ. ಎರಡನೆಯದರಲ್ಲಿ ಇರುವುದು ಕನ್ನಡ ಅಂಕಿಯ ಸೊನ್ನೆ. ಕಣ್ಣಿಗೆ ಎರಡೂ ದುಂಡಗೆ, ಕಂಪ್ಯೂಟರಿಗೆ ಒಂದು ಅಕ್ಷರ, ಒಂದು ಸಂಖ್ಯೆ. ಸೊನ್ನೆ ಹಾಕಿ ಬರೆದ ತೆಂಗನ್ನು ಅನುಸ್ವಾರದ ತೆಂಗಿನಿಂದ ಹುಡುಕಿದರೆ ಸಿಗದೆ ಹೋಗಬಹುದು.

ತುರುವೇಕೆರೆಯದು ಇನ್ನೂ ಸೂಕ್ಷ್ಮ. ಅಲ್ಲಿಯ "ವೇ"ಗೆ ಇರುವ ಏತ್ವದ ದೀರ್ಘವನ್ನು ಯುನಿಕೋಡಿನಲ್ಲಿ ಒಂದೇ ಗುರುತಾಗಿ ಬರೆಯಬಹುದು, ಇಲ್ಲವೇ ಹ್ರಸ್ವ ಎತ್ವ ಮತ್ತು ದೀರ್ಘದ ಬಾಲ ಎಂದು ಎರಡಾಗಿಯೂ ಬರೆಯಬಹುದು. ಒಂದರಲ್ಲಿ ಊರಿನ ಹೆಸರು 10 ಗುರುತು, ಇನ್ನೊಂದರಲ್ಲಿ 11. ಪರದೆಯ ಮೇಲೆ ಎರಡೂ ತುರುವೇಕೆರೆಯೇ. ಕೊಬ್ಬರಿಯ "ಕೊ" ಕೂಡ ಹೀಗೆ ಎರಡು ಬಗೆಯಲ್ಲಿ ಬರಬಹುದು. ಎರಡನ್ನೂ ಒಂದೇ ರೂಪಕ್ಕೆ ತರುವ ನಾರ್ಮಲೈಸೇಶನ್ ಎಂಬ ಕ್ರಿಯೆ ಇದೆ, ತಂತ್ರಾಂಶ ಬರೆದವರು ಅದನ್ನು ಮಾಡಿರಬೇಕು. ಹಾಗಾಗಿ ಫಲಾನುಭವಿ ಪಟ್ಟಿಯಲ್ಲಿ ಹೆಸರು ಹುಡುಕಿದಾಗ ಸಿಗಲಿಲ್ಲವೆಂದು ಕೂಡಲೇ ನಿರಾಶರಾಗಬೇಡಿ. ಹೆಸರಿನ ಒಂದು ಸರಳ ತುಂಡು ಕೊಟ್ಟು ಹುಡುಕಿ, ಇಲ್ಲವೇ ನೋಂದಣಿ ನಂಬರಿನಿಂದ ಹುಡುಕಿ. ಇಂಗ್ಲಿಷ್ ಅಂಕಿಗೆ ಎರಡು ರೂಪವಿಲ್ಲ.

ಉದ್ದದ ಲಿಂಕು, ತುಟ್ಟಿ ಎಸ್‌ಎಂಎಸ್

ಕನ್ನಡ ವಿಕಿಪೀಡಿಯದ ಪುಟವನ್ನು ಹಂಚಿಕೊಂಡರೆ ಲಿಂಕಿನ ಬಾಲದಲ್ಲಿ ಪರ್ಸೆಂಟ್ ಗುರುತು, ಇ, ಸೊನ್ನೆ, ಮತ್ತೆ ಪರ್ಸೆಂಟ್, ಬಿ, 2 ಎಂದು ಮಾರುದ್ದ ಬರುತ್ತದೆಯಲ್ಲ, ಅದೂ ಇದೇ 224, 178ರ ಇನ್ನೊಂದು ವೇಷ. ತಿಪಟೂರು ಎಂಬ ನಾಲ್ಕಕ್ಷರ ಅಲ್ಲಿ 63 ಚಿಹ್ನೆಯಾಗುತ್ತದೆ. ಬಾಲ ಉದ್ದವಿದ್ದರೆ ಮೋಸ ಎಂದಲ್ಲ. ಲಿಂಕಿನ ತಲೆ, ಅಂದರೆ ಮೊದಲ ಒಂಟಿ ಓರೆಗೆರೆಗಿಂತ ಹಿಂದೆ ಇರುವ ಸೈಟಿನ ಹೆಸರು ಯಾರದ್ದು ಎಂದು ನೋಡಬೇಕು.

ಎಸ್‌ಎಂಎಸ್ ಲೆಕ್ಕವೂ ಇಲ್ಲೇ ಬರುತ್ತದೆ. ಒಂದು ಎಸ್‌ಎಂಎಸ್‌ನಲ್ಲಿ 140 ಬೈಟು ಜಾಗ. ಇಂಗ್ಲಿಷಿಗೆ ಒತ್ತಿ ತುಂಬಿಸಿ 160 ಅಕ್ಷರ ಹಿಡಿಸುತ್ತಾರೆ. ಕನ್ನಡದ ಒಂದೇ ಒಂದು ಅಕ್ಷರ ಬಂದರೂ ಇಡೀ ಮೆಸೇಜು ಗುರುತಿಗೆ ಎರಡು ಬೈಟಿನ ಲೆಕ್ಕಕ್ಕೆ ಹೊರಳುತ್ತದೆ, ಆಗ 70 ಮಾತ್ರ. ಸಂಘದಿಂದ ಬರುವ ಎಸ್‌ಎಂಎಸ್ ಕನ್ನಡದಲ್ಲಿದ್ದಾಗ ಅರ್ಧಕ್ಕೇ ನಿಂತು ಎರಡನೆಯದಾಗಿ ಬರುವುದು, ಕೆಲವರು ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದು ಕಳಿಸುವುದು ಇದಕ್ಕಾಗಿ. ಚಿಕ್ಕನಾಯಕನಹಳ್ಳಿಯವರು ಊರಿನ ಹೆಸರು ಬರೆಯುವಷ್ಟರಲ್ಲೇ 70ರಲ್ಲಿ 15 ಖರ್ಚಾಗಿರುತ್ತದೆ.